ಧರ್ಮಸಭೆ: ಒಂದೇ ಪಂಕ್ತಿಯಲ್ಲಿ ಕುಳಿತ ಸಮುದಾಯ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ನೀಡಿದ ಉಪನ್ಯಾಸ)



ನೂರು ಸಂವತ್ಸರಗಳು ಸಂದ ಈ ಸುಸಂದರ್ಭದಲ್ಲಿ ನಾವೆಲ್ಲರೂ ದೇವರಿಗೆ ಕೃತಜ್ಞತೆ ಸಲ್ಲಿಸಲು ಕೂಡಿದ್ದೇವೆ. ದೇವಾಲಯಕ್ಕೆ ಸುಣ್ಣಬಣ್ಣವಾಗಿದೆ, ಗೋಪುರಕ್ಕೆ ದೀಪಾಲಂಕಾರವಾಗಿದೆ, ಹಿರಿಯರ ಭಾವಚಿತ್ರಗಳು ಪುಷ್ಪಮಾಲೆಗಳನ್ನು ಧರಿಸಿವೆ. ಇದೆಲ್ಲವೂ ಸಲ್ಲತಕ್ಕದ್ದೇ. ಆದರೆ ಈ ಸಂಭ್ರಮದ ನಡುವೆ ಒಂದು ಸರಳವಾದ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಳ್ಳಬೇಕಾಗಿದೆ. ನೂರು ವರ್ಷ ತುಂಬಿರುವುದು ಯಾವುದಕ್ಕೆ? ಈ ಕಲ್ಲು, ಗಾರೆ, ಹೆಂಚುಗಳಿಗೋ? ದಾಖಲೆಯ ಪುಸ್ತಕದಲ್ಲಿರುವ ಒಂದು ಆಡಳಿತ ಘಟಕಕ್ಕೋ? ಅಥವಾ ಬೇರೆ ಯಾವುದಕ್ಕಾದರೂ ಸರಿಯೋ?

ಈ ಪ್ರಶ್ನೆಗೆ ಉತ್ತರ ನಮ್ಮ ನಾಲಗೆಯ ಮೇಲೆಯೇ ಇದೆ. ಕರಾವಳಿಯ ನಮ್ಮ ಬಾಂಧವರು ದೇವಾಲಯವನ್ನು ಇಗರ್ಜಿ ಎಂದು ಕರೆಯುತ್ತಾರೆ. ಅದು ಪೋರ್ಚುಗೀಸರ ಇಗ್ರೇಜಾ ಎಂಬ ಮಾತಿನಿಂದ ಬಂದುದು. ಆ ಮಾತಾದರೋ ಎಕ್ಲೇಸಿಯಾ ಎಂಬ ಗ್ರೀಕ್ ಪದದಿಂದ ಹುಟ್ಟಿದುದು. ಎಕ್ಲೇಸಿಯಾ ಎಂದರೆ ಕಟ್ಟಡವಲ್ಲ. ಕರೆಯಲ್ಪಟ್ಟು ಕೂಡಿಬಂದ ಜನರ ಸಭೆ. ಗ್ರೀಕರ ನಗರಗಳಲ್ಲಿ ಪೌರರ ಸಭೆಗೆ ಆ ಹೆಸರಿತ್ತು. ಹಳೆಯ ಒಡಂಬಡಿಕೆಯನ್ನು ಗ್ರೀಕ್ ಭಾಷೆಗೆ ತಂದ ಯೆಹೂದಿ ಪಂಡಿತರು, ದೇವರ ಸನ್ನಿಧಿಯಲ್ಲಿ ನೆರೆದ ಇಸ್ರಯೇಲ್ ಜನಾಂಗವನ್ನು ಅದೇ ಪದದಿಂದ ಕರೆದರು. ಜನರ ಹೆಸರು ಕಾಲಕ್ರಮದಲ್ಲಿ ಅವರು ಕೂಡುವ ಮನೆಗೆ ಅಂಟಿಕೊಂಡಿತು. ಮನೆಯೇ ಮುಖ್ಯವಾಗಿ ಜನರು ಮರೆಯಾದರು. ನಮ್ಮ ಕನ್ನಡದ ಹಿರಿಯರು ಧರ್ಮಸಭೆ ಎಂಬ ಮಾತನ್ನು ಬಳಕೆಗೆ ತಂದು ದೊಡ್ಡ ಉಪಕಾರ ಮಾಡಿದ್ದಾರೆ. ಸಭೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಗೋಡೆಯಲ್ಲ, ಕೂಡಿದ ಮುಖಗಳು.

ಆದಿ ಕ್ರೈಸ್ತರಿಗೆ ದೇವಾಲಯಗಳೇ ಇರಲಿಲ್ಲ. ಅವರು ಮನೆಗಳಲ್ಲಿ ಕೂಡುತ್ತಿದ್ದರು. ಸಿರಿಯಾ ದೇಶದ ದೂರಾ ಯೂರೋಪೋಸ್ ಎಂಬ ಕೋಟೆಯ ಊರಿನಲ್ಲಿ, ಮೂರನೆಯ ಶತಮಾನದ ಮೊದಲ ಭಾಗದಲ್ಲಿ ಕ್ರೈಸ್ತರ ಆರಾಧನೆಗೆಂದು ಮಾರ್ಪಡಿಸಿದ ಒಂದು ಮನೆಯನ್ನು ಪುರಾತತ್ವಜ್ಞರು ಅಗೆದು ತೆಗೆದಿದ್ದಾರೆ. ಹೊರಗಿನಿಂದ ನೋಡುವವರಿಗೆ ಅದು ಬೀದಿಯ ಇತರ ಮನೆಗಳಂತೆಯೇ ಒಂದು ಮನೆ. ಅಲ್ಲಿಯವರೆಗೆ ಇನ್ನೂರು ವರ್ಷಗಳ ಕಾಲ ಧರ್ಮಸಭೆ ಬದುಕಿತ್ತು, ಬೆಳೆದಿತ್ತು, ರಕ್ತಸಾಕ್ಷಿಗಳನ್ನು ಕೊಟ್ಟಿತ್ತು. ಗೋಪುರವಿಲ್ಲದೆಯೂ ಧರ್ಮಸಭೆ ಇರಬಲ್ಲುದು, ಜನರಿಲ್ಲದೆ ಇರಲಾರದು.

ಧರ್ಮಸಭೆಯ ಶಾಸನಗಳಲ್ಲಿಯೂ ಈ ತಿಳಿವು ಕ್ರಮೇಣ ಬೆಳಗಿರುವುದನ್ನು ನಾವು ಕಾಣುತ್ತೇವೆ. ನೂರು ವರ್ಷಗಳ ಹಿಂದೆ ಈ ಧರ್ಮಕೇಂದ್ರ ಸ್ಥಾಪನೆಯಾದಾಗ 1917ರ ಧರ್ಮಶಾಸನ ಜಾರಿಯಲ್ಲಿತ್ತು. ಅದರ ಪ್ರಕಾರ ಧರ್ಮಕೇಂದ್ರವೆಂದರೆ ಧರ್ಮಪ್ರಾಂತ್ಯದ ಭೂಪ್ರದೇಶದ ಒಂದು ಭಾಗ. ಆ ಭಾಗಕ್ಕೆ ತನ್ನದೇ ಆದ ದೇವಾಲಯ, ಜನರು ಮತ್ತು ಒಬ್ಬ ಗುರು ಇರತಕ್ಕದ್ದು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1983ರ ಜನವರಿ 25ರಂದು ಪ್ರಕಟಿಸಿದ ಹೊಸ ಶಾಸನ ಮೊದಲು ಹೇಳುವುದು ಭೂಮಿಯನ್ನಲ್ಲ, ಜನರನ್ನು. ಧರ್ಮಕೇಂದ್ರವೆಂದರೆ ಸ್ಥಿರವಾಗಿ ನೆಲೆಗೊಂಡ ಕ್ರೈಸ್ತ ವಿಶ್ವಾಸಿಗಳ ಒಂದು ಸಮುದಾಯ ಎಂದು ಅದು ನಿರೂಪಿಸುತ್ತದೆ. ಎಲ್ಲೆಕಟ್ಟುಗಳು ಇಂದಿಗೂ ಇವೆ. ಆದರೆ ಅವು ಸಮುದಾಯದ ಸೇವೆಗಾಗಿ ಇವೆ.

ಈ ಎರಡು ಶಾಸನಗಳ ನಡುವೆ ನಡೆದುದು ಎರಡನೆಯ ವ್ಯಾಟಿಕನ್ ಮಹಾಸಭೆ. 1962ರ ಅಕ್ಟೋಬರ್ 11ರಂದು ಆರಂಭವಾಗಿ 1965ರ ಡಿಸೆಂಬರ್ 8ರಂದು ಮುಗಿದ ಆ ಮಹಾಸಭೆ, ಧರ್ಮಸಭೆಯನ್ನು ಕುರಿತ ತನ್ನ ಪ್ರಮುಖ ದಸ್ತಾವೇಜನ್ನು 1964ರ ನವೆಂಬರ್ 21ರಂದು ಹೊರತಂದಿತು. ಅದನ್ನು ಸಿದ್ಧಪಡಿಸುವಾಗ ಅಧ್ಯಾಯಗಳ ಕ್ರಮದ ಬಗ್ಗೆ ಗಂಭೀರ ವಿಚಾರ ನಡೆಯಿತು. ಮೊದಲಿನ ಕರಡಿನಲ್ಲಿ ಧರ್ಮಾಧಿಕಾರಿಗಳನ್ನು ಕುರಿತ ಅಧ್ಯಾಯ ಮುಂದಿತ್ತು. ಅಂತಿಮ ಪಾಠದಲ್ಲಿ ಮೊದಲು ಧರ್ಮಸಭೆಯ ರಹಸ್ಯ, ಬಳಿಕ ದೇವಪ್ರಜೆ, ಆಮೇಲೆ ಧರ್ಮಾಧ್ಯಕ್ಷರು ಮತ್ತು ಗುರುಗಳು ಎಂಬ ಕ್ರಮ ಬಂತು. ಇದು ಬರಿಯ ಪುಟಗಳ ಸ್ಥಾನಪಲ್ಲಟವಲ್ಲ. ಜಗದ್ಗುರುಗಳಿಂದ ಹಿಡಿದು ನಿನ್ನೆ ಜ್ಞಾನಸ್ನಾನ ಪಡೆದ ಕೂಸಿನವರೆಗೆ ನಾವೆಲ್ಲರೂ ಮೊದಲು ಒಂದೇ ಪ್ರಜೆ. ಆ ಬಳಿಕವೇ ನಮ್ಮ ನಮ್ಮ ಸೇವೆಗಳು. ಗುರುಪದವಿ ಇದರಿಂದ ಕಿರಿದಾಗಲಿಲ್ಲ. ಅದು ಯಾರಿಗಾಗಿ ಇದೆಯೆಂಬುದು ಸ್ಪಷ್ಟವಾಯಿತು.

ಇಷ್ಟು ಹೇಳಿ ನಾವು ತೃಪ್ತರಾಗಿ ಕುಳಿತುಕೊಳ್ಳಬಹುದು. ಆದರೆ ಸಮುದಾಯವೆಂಬ ಮಾತು ಆಡಲು ಸುಲಭ. ಜಾತಿಯೂ ಒಂದು ಸಮುದಾಯವೇ. ಸಹಕಾರ ಸಂಘವೂ ಒಂದು ಸಮುದಾಯವೇ. ಒಂದೇ ಊರಿನಿಂದ ಬಂದವರು, ಒಂದೇ ಭಾಷೆಯವರು, ಒಂದೇ ಕಾರ್ಖಾನೆಯಲ್ಲಿ ದುಡಿಯುವವರು ಸೇರಿಕೊಂಡು ಕಷ್ಟಸುಖಗಳಲ್ಲಿ ಒಬ್ಬರಿಗೊಬ್ಬರು ಆಗುತ್ತಾರೆ. ಅದು ಒಳ್ಳೆಯದೇ. ಆದರೆ ಅಲ್ಲಿ ತಮಗೆ ಬೇಕಾದವರನ್ನು ತಾವೇ ಆರಿಸಿಕೊಳ್ಳುತ್ತಾರೆ. ಧರ್ಮಸಭೆಯಲ್ಲಿ ಆರಿಸುವವನು ದೇವರು. ನಮ್ಮ ಪಕ್ಕದ ಬೆಂಚಿನಲ್ಲಿ ಯಾರು ಕೂರಬೇಕೆಂದು ಆತ ನಮ್ಮನ್ನು ಕೇಳಿಲ್ಲ. ಇತರ ಸಮುದಾಯಗಳಿಗೂ ಧರ್ಮಸಭೆಗೂ ಇರುವ ಅಂತರ ಇಲ್ಲಿಂದಲೇ ಮೊದಲಾಗುತ್ತದೆ. ಧರ್ಮಸಭೆಯ ಕಷ್ಟವೂ ಇಲ್ಲಿಂದಲೇ. ಈ ಕಷ್ಟ ಎಷ್ಟು ಹಳೆಯದೆಂಬುದನ್ನು ತಿಳಿಯಲು ನಾವು ಕೊರಿಂಥ ಪಟ್ಟಣದ ಕ್ರೈಸ್ತರ ಬಳಿಗೆ ಹೋಗೋಣ.

ಗ್ರೀಸ್ ದೇಶದ ಕೊರಿಂಥ, ಎರಡು ಸಮುದ್ರಗಳ ನಡುವಣ ಕಿರಿದಾದ ಭೂಕಂಠದ ಬಳಿಯ ಪಟ್ಟಣ. ಎರಡು ಕಡೆಗೂ ಅದಕ್ಕೆ ಬಂದರುಗಳಿದ್ದವು. ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಅದನ್ನು ಹಾಳುಗೆಡವಿದ್ದರು. ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಂತೆ ಅದು ಮರಳಿ ನೆಲೆಗೊಂಡಿತು. ಹೊಸದಾಗಿ ನೆಲೆಸಲು ಬಂದವರಲ್ಲಿ ದಾಸ್ಯದಿಂದ ಬಿಡುಗಡೆಯಾದವರೇ ಬಹಳ ಮಂದಿ. ಸಂತ ಪೌಲರು ಅಲ್ಲಿಗೆ ಬಂದುದು ಕ್ರಿಸ್ತಶಕ 50ರ ಸುಮಾರಿಗೆ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳೊಡನೆ ಡೇರೆ ಹೊಲಿಯುವ ಕಸುಬು ಮಾಡುತ್ತಾ ಒಂದೂವರೆ ವರ್ಷ ಅಲ್ಲಿಯೇ ನೆಲೆಸಿ ಶುಭಸಂದೇಶವನ್ನು ಸಾರಿದರು. ಅಲ್ಲಿ ಹುಟ್ಟಿದ ಸಭೆಯಲ್ಲಿ ಯೆಹೂದಿಗಳೂ ಇದ್ದರು, ಗ್ರೀಕರೂ ಇದ್ದರು. ತನ್ನ ಮನೆಯಲ್ಲಿ ಇಡೀ ಸಭೆಗೆ ಆತಿಥ್ಯ ನೀಡಬಲ್ಲ ಗಾಯನಂಥವರಿದ್ದರು. ದಿನದ ಕೂಲಿಯವರೂ ದಾಸರೂ ಇದ್ದರು. ಲೋಕದ ದೃಷ್ಟಿಯಲ್ಲಿ ಜ್ಞಾನಿಗಳೂ ಬಲಿಷ್ಠರೂ ಕುಲೀನರೂ ಅವರಲ್ಲಿ ಹೆಚ್ಚು ಮಂದಿ ಇರಲಿಲ್ಲವೆಂದು ಪೌಲರೇ ನೆನಪಿಸುತ್ತಾರೆ.

ಪೌಲರು ಅಲ್ಲಿಂದ ಹೊರಟು ಎಫೆಸದಲ್ಲಿದ್ದಾಗ ಖ್ಲೋಯೆ ಎಂಬಾಕೆಯ ಕಡೆಯವರು ಕೆಟ್ಟ ಸುದ್ದಿ ತಂದರು. ಸಭೆಯಲ್ಲಿ ಪಂಗಡಗಳಾಗಿದ್ದವು. ಕೆಲವರು ಪೌಲರ ಹೆಸರು ಹೇಳಿದರೆ ಕೆಲವರು ಅಪೊಲ್ಲೋಸರ ಹೆಸರು, ಕೆಲವರು ಕೇಫರ ಹೆಸರು ಹೇಳುತ್ತಿದ್ದರು. ಪ್ರಭುವಿನ ಭೋಜನದ ವಿಷಯವಾಗಿ ಪೌಲರ ಕಿವಿಗೆ ಬಿದ್ದ ಸಂಗತಿಯಂತೂ ಇದಕ್ಕಿಂತ ದಾರುಣವಾಗಿತ್ತು. ಆ ಕಾಲದಲ್ಲಿ ಪರಮಪ್ರಸಾದದ ಆಚರಣೆ ಒಂದು ನಿಜವಾದ ಊಟದೊಡನೆ ಕೂಡಿಕೊಂಡಿತ್ತು. ಭಾನುವಾರ ರಜೆಯ ದಿನವಾಗಿರಲಿಲ್ಲ. ಅದನ್ನು ವಿಶ್ರಾಂತಿಯ ದಿನವೆಂದು ಕಾನ್‌ಸ್ಟಂಟೈನ್ ಚಕ್ರವರ್ತಿ ಸಾರಿದ್ದು 321ರಲ್ಲಿ. ಆದುದರಿಂದ ಕೂಲಿಯವರೂ ದಾಸರೂ ತಮ್ಮ ಯಜಮಾನರ ಕೆಲಸ ಮುಗಿಸಿ ಹೊತ್ತು ಮೀರಿ ಬರಬೇಕಾಗಿತ್ತು. ಬಿಡುವಿದ್ದ ಅನುಕೂಲವಂತರು ಮೊದಲೇ ಬಂದು, ತಾವು ತಂದುದನ್ನು ತಾವೇ ಉಂಡು ಮುಗಿಸುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಮತ್ತು ಎಂದು ಪೌಲರು ಅದನ್ನು ಬಣ್ಣಿಸುತ್ತಾರೆ.

ರೋಮನ್ನರ ಮನೆಯ ರಚನೆಯನ್ನು ಬಲ್ಲ ಪಂಡಿತರು ಈ ಚಿತ್ರಕ್ಕೆ ಮತ್ತೊಂದು ಗೆರೆ ಸೇರಿಸಿದ್ದಾರೆ. ಅಂಥ ಮನೆಗಳ ಊಟದ ಕೋಣೆಯಲ್ಲಿ ಮೂರು ಒರಗುಮಂಚಗಳ ಮೇಲೆ ಒಂಬತ್ತು ಮಂದಿ ಒರಗಿಕೊಂಡು ಉಣ್ಣುವುದು ವಾಡಿಕೆ. ಮಿಕ್ಕವರಿಗೆ ಉಳಿಯುತ್ತಿದ್ದುದು ಹೊರಗಿನ ಅಂಗಳ. ಅತಿಥಿಗಳ ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ ದರ್ಜೆಯ ಆಹಾರ, ಬೇರೆ ಬೇರೆ ದರ್ಜೆಯ ದ್ರಾಕ್ಷಾರಸ ಬಡಿಸುವ ಪದ್ಧತಿ ಆ ಸಮಾಜದಲ್ಲಿ ಇತ್ತು. ಕಿರಿಯ ಪ್ಲಿನಿ ಎಂಬ ರೋಮನ್ ಲೇಖಕ ತನ್ನ ಒಂದು ಪತ್ರದಲ್ಲಿ ಇದನ್ನು ಹಳಿದಿದ್ದಾನೆ. ಕೊರಿಂಥದ ಸಿರಿವಂತ ಕ್ರೈಸ್ತರು ತಾವು ಏನೋ ಅಪರಾಧ ಮಾಡುತ್ತಿದ್ದೇವೆಂದು ಭಾವಿಸಿರಲಾರರು. ಊರಿನ ರೂಢಿಯಂತೆ ನಡೆದುಕೊಂಡರು, ಅಷ್ಟೆ.

ಕನ್ನಡಿಗರಾದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದಕ್ಕೆ ನಮ್ಮಲ್ಲಿ ಪಂಕ್ತಿಭೇದವೆಂಬ ಹೆಸರೇ ಇದೆ. ಅದು ಎಷ್ಟು ನೋಯಿಸುವುದೆಂಬುದು ಕೊನೆಯ ಪಂಕ್ತಿಯಲ್ಲಿ ಕುಳಿತವರಿಗೆ ಗೊತ್ತು. ಒಳ್ಳೆಯ ಪಂಕ್ತಿಯ ಮರ್ಯಾದೆ ಏನೆಂಬುದೂ ನಮಗೆ ಗೊತ್ತು. ಮದುವೆಯ ಊಟದಲ್ಲಿ ಎಲೆಯ ಮುಂದೆ ಕುಳಿತವರು ತಮಗೆ ಅನ್ನ ಬಿದ್ದೊಡನೆ ಕೈ ಹಾಕುವುದಿಲ್ಲ. ಕೊನೆಯ ಎಲೆಗೂ ಬಡಿಸಿದ ಮೇಲೆ, ಹಿರಿಯರು ಊಟ ಮಾಡಿ ಎಂದ ಮೇಲೆ, ಎಲ್ಲರೂ ಕೂಡಿಯೇ ಆರಂಭಿಸುತ್ತಾರೆ. ಹಸಿವಿದ್ದರೂ ಕಾಯುತ್ತಾರೆ. ಆ ಕಾಯುವಿಕೆಯೇ ಬಿಡಿಬಿಡಿಯಾಗಿ ಕುಳಿತವರನ್ನು ಒಂದು ಪಂಕ್ತಿಯನ್ನಾಗಿ ಮಾಡುತ್ತದೆ.

ಪೌಲರು ಕೊರಿಂಥದವರಿಗೆ ಕೊಟ್ಟ ಉತ್ತರವನ್ನು ಈ ಬೆಳಕಿನಲ್ಲಿ ನೋಡಬೇಕು. ನೀವು ಕೂಡಿ ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂದು ಅವರು ಕಠಿಣವಾಗಿ ಹೇಳಿದರು. ಇಲ್ಲದವರನ್ನು ನಾಚಿಕೆಗೀಡುಮಾಡುವವರು ದೇವರ ಸಭೆಯನ್ನೇ ತಿರಸ್ಕರಿಸುತ್ತಾರೆ ಎಂದರು. ಆ ಬಳಿಕ, ಪ್ರಭು ತಾನು ಹಿಡಿದುಕೊಡಲ್ಪಟ್ಟ ರಾತ್ರಿ ರೊಟ್ಟಿಯನ್ನು ತೆಗೆದುಕೊಂಡು ಮುರಿದುಕೊಟ್ಟ ವೃತ್ತಾಂತವನ್ನು ಹೇಳಿದರು. ಅಂತಿಮ ಭೋಜನದ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯ ಇದು. ಕ್ರಿಸ್ತಶಕ 54ರ ಸುಮಾರಿಗೆ ಬರೆದುದು. ನಮ್ಮ ಬಲಿಪೂಜೆಯ ಹೃದಯಭಾಗದಲ್ಲಿರುವ ಈ ವೃತ್ತಾಂತವನ್ನು ಅಪೊಸ್ತಲರಾದ ಪೌಲರು ಬರೆಯಬೇಕಾಗಿ ಬಂದುದು, ಒಂದು ಊಟದ ಮನೆಯಲ್ಲಿ ಬಡವರಿಗೆ ಅವಮಾನವಾದುದರಿಂದ. ಎಲ್ಲ ಹೇಳಿದ ಮೇಲೆ ಅವರು ವಿಧಿಸಿದ ಪರಿಹಾರವಾದರೂ ಏನು? ಉಪವಾಸವಲ್ಲ, ದಂಡವಲ್ಲ. ಭೋಜನಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು ಎಂದರು. ಇಷ್ಟೇ.

ಪ್ರಿಯ ಬಾಂಧವರೇ, ಧರ್ಮಸಭೆಯೆಂದರೇನೆಂಬ ಪ್ರಶ್ನೆಗೆ ದೈವಶಾಸ್ತ್ರ ದೊಡ್ಡ ದೊಡ್ಡ ಉತ್ತರಗಳನ್ನು ಕೊಟ್ಟಿದೆ. ಅವೆಲ್ಲವೂ ಸತ್ಯ. ಆದರೆ ಆ ಸತ್ಯಗಳು ಒಂದು ಊರಿನಲ್ಲಿ ಕಣ್ಣಿಗೆ ಕಾಣಬೇಕಾದರೆ ಅದು ಹೀಗೆಯೇ ಕಾಣಬೇಕು: ಕೊನೆಯಲ್ಲಿ ಬರುವವನಿಗಾಗಿ ಮೊದಲು ಬಂದವನು ಕಾಯುತ್ತಾನೆ. ಧರ್ಮಸಭೆ ಕ್ರಿಸ್ತನ ಶರೀರ ಎಂದು ಪೌಲರು ಮುಂದಿನ ಅಧ್ಯಾಯದಲ್ಲಿಯೇ ಬೋಧಿಸುತ್ತಾರೆ. ಕಣ್ಣು ಕೈಯನ್ನು ಬೇಡವೆನ್ನಲಾರದು; ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ. ಪೀಠದ ಮೇಲಿರುವ ಕ್ರಿಸ್ತನ ಶರೀರಕ್ಕೆ ಮೊಣಕಾಲೂರಿ, ಬಾಗಿಲ ಬಳಿ ನಿಂತಿರುವ ಕ್ರಿಸ್ತನ ಶರೀರವನ್ನು ಗುರುತಿಸದೆ ಹೋದರೆ ನಮ್ಮ ಆರಾಧನೆ ಅರ್ಧಕ್ಕೇ ನಿಂತಂತೆ. ಸಂತ ಅಗಸ್ಟೀನರು ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಬೋಧಿಸುವಾಗ ಇದನ್ನೇ ಒತ್ತಿ ಹೇಳುತ್ತಿದ್ದರು: ಪೀಠದ ಮೇಲೆ ಇರಿಸಿರುವುದು ನಿಮ್ಮದೇ ರಹಸ್ಯ; ಸ್ವೀಕರಿಸುವುದು ಯಾವುದೋ ಅದೇ ನೀವಾಗಬೇಕು ಎಂಬುದು ಅವರ ಬೋಧೆಯ ತಾತ್ಪರ್ಯ.

ಬರಲಾರದವರ ಗತಿಯೇನು? ಇದಕ್ಕೂ ಆದಿ ಧರ್ಮಸಭೆ ದಾರಿ ತೋರಿಸಿದೆ. ಕ್ರಿಸ್ತಶಕ 155ರ ಸುಮಾರಿಗೆ ರೋಮಿನಲ್ಲಿದ್ದ ರಕ್ತಸಾಕ್ಷಿ ಸಂತ ಜಸ್ಟಿನರು ಚಕ್ರವರ್ತಿಗೆ ಬರೆದ ಬಿನ್ನಹದಲ್ಲಿ ಕ್ರೈಸ್ತರ ಭಾನುವಾರದ ಕೂಟವನ್ನು ವರ್ಣಿಸಿದ್ದಾರೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಕೂಡುತ್ತಾರೆ. ಧರ್ಮಗ್ರಂಥದ ವಾಚನ, ಪ್ರಬೋಧನೆ, ಪ್ರಾರ್ಥನೆ, ಕೃತಜ್ಞತಾರ್ಪಣೆ ನಡೆಯುತ್ತವೆ. ಪ್ರಸಾದವನ್ನು ಅಲ್ಲಿದ್ದವರಿಗೆ ಹಂಚಿದ ಮೇಲೆ, ಬಾರದವರ ಪಾಲನ್ನು ಡೀಕನರು ಅವರ ಬಳಿಗೆ ಒಯ್ಯುತ್ತಾರೆ. ಉಳ್ಳವರು ತಮ್ಮ ಮನಸ್ಸಿಗೆ ಬಂದಷ್ಟು ಕೊಡುತ್ತಾರೆ. ಆ ಹಣದಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಊರಿನಿಂದ ಬಂದವರು ಇವರ ಪೋಷಣೆ ನಡೆಯುತ್ತದೆ. ಬಾರದವನಿಗೂ ಅಲ್ಲಿ ಒಂದು ಪಾಲಿತ್ತು ಎಂಬುದನ್ನು ನಾವು ಗಮನಿಸಬೇಕು. ಆತ ಬಂದಿಲ್ಲವೆಂಬುದು ಸಭೆಗೆ ತಿಳಿದಿತ್ತು. ಎಲ್ಲಿದ್ದಾನೆ, ಏಕೆ ಬರಲಿಲ್ಲ ಎಂಬುದೂ ತಿಳಿದಿತ್ತು.

ನಮ್ಮ ಸಭೆಗಳಲ್ಲಿ ಯಾರು ಬಂದಿಲ್ಲವೆಂಬುದು ನಮಗೆ ತಿಳಿಯುತ್ತದೆಯೇ? ಹಾಸಿಗೆ ಹಿಡಿದ ವೃದ್ಧೆಗೆ ತಿಂಗಳಿಗೊಮ್ಮೆ ಪರಮಪ್ರಸಾದ ತಲುಪಬಹುದು. ಆದರೆ ಉಳಿದ ಇಪ್ಪತ್ತೊಂಬತ್ತು ದಿನಗಳು ಅವರ ಬಾಗಿಲನ್ನು ಯಾರು ತಟ್ಟುತ್ತಾರೆ? ದುಡಿಮೆಗಾಗಿ ದೂರದ ಊರುಗಳಿಗೆ, ಪರದೇಶಗಳಿಗೆ ಹೋದ ಮಕ್ಕಳ ತಂದೆತಾಯಿಗಳು ಹಬ್ಬದ ದಿನ ಯಾರೊಡನೆ ಉಣ್ಣುತ್ತಾರೆ? ನಮ್ಮ ಊರಿಗೇ ಕೆಲಸಕ್ಕಾಗಿ ಬಂದು, ಭಾಷೆ ತಿಳಿಯದೆ ಹಿಂದಿನ ಬೆಂಚಿನಲ್ಲಿ ಕುಳಿತು, ಪೂಜೆ ಮುಗಿದೊಡನೆ ಹೊರಟುಹೋಗುವವರ ಹೆಸರು ನಮಗೆ ಗೊತ್ತೇ? ಮನೆಯಲ್ಲಿ ಒಡಕು ಬಂದು ಮುಖ ತೋರಿಸಲು ನಾಚುವವರು, ಯಾವುದೋ ಮನಸ್ತಾಪದಿಂದ ವರ್ಷಗಟ್ಟಲೆ ಇತ್ತ ಸುಳಿಯದವರು ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅವರಾಗಿಯೇ ಬರಲಿ ಎನ್ನುವುದು ಕಾಯುವುದಲ್ಲ, ಮರೆಯುವುದು. ಕಾಯುವವನು ಆಗಾಗ ಎದ್ದು ಬಾಗಿಲಿಗೆ ಬಂದು ದಾರಿ ನೋಡುತ್ತಾನೆ. ದುಂದುಗಾರ ಮಗನ ತಂದೆ ಹಾಗೆ ಮಾಡಿದುದರಿಂದಲೇ ಮಗ ಇನ್ನೂ ದೂರದಲ್ಲಿರುವಾಗ ಅವನಿಗೆ ಕಾಣಿಸಿದನು.

ಇನ್ನೊಂದು ಸಂಗತಿಯನ್ನು ನಾವು ಮರೆಮಾಚದೆ ಹೇಳಬೇಕು. ಕೊರಿಂಥದ ಊಟದ ಕೋಣೆಯೂ ಅಂಗಳವೂ ನಮ್ಮ ಭಾರತದ ಧರ್ಮಸಭೆಯಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿವೆ. ನೆರೆಯ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಡಕ್ಕಂಕುಳಂ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ದೇವಾಲಯಕ್ಕೆ ಒಂದೇ ಪೀಠ, ಎರಡು ಅಂಕಣಗಳು, ನಡುವೆ ಗೋಡೆ. ಒಂದು ಕಡೆ ಮೇಲಿನವರೆನಿಸಿಕೊಂಡ ಜಾತಿಗಳವರು, ಇನ್ನೊಂದು ಕಡೆ ಉಳಿದವರು. ಒಂದೇ ರೊಟ್ಟಿ, ಒಂದೇ ವಿಶ್ವಾಸಪ್ರಮಾಣ, ಆದರೂ ಒಬ್ಬರ ಮುಖ ಒಬ್ಬರಿಗೆ ಕಾಣದು. 1910ರಲ್ಲಿ ಧರ್ಮಸಭೆಯೇ ಆ ಗೋಡೆಯನ್ನು ಕೆಡವಿಸಿತು. ಅದು ಮರಳಿ ಬೇಕೆಂದು ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಮದರಾಸು ಉಚ್ಚ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕಲ್ಲಿನ ಗೋಡೆ ಬಿದ್ದಿತು. ಮನಸ್ಸಿನ ಗೋಡೆ ಅಷ್ಟು ಬೇಗ ಬೀಳಲಿಲ್ಲ. ದಲಿತ ಕ್ರೈಸ್ತರು ಧರ್ಮಸಭೆಯ ಒಳಗೂ ಭೇದಭಾವವನ್ನು ಅನುಭವಿಸುತ್ತಿದ್ದಾರೆಂದು ಒಪ್ಪಿಕೊಂಡು, ಅದನ್ನು ಘೋರ ಸಾಮಾಜಿಕ ಪಾಪವೆಂದು ಕರೆದು, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ಒಂದು ನೀತಿಯನ್ನೇ ಪ್ರಕಟಿಸಬೇಕಾಯಿತು.

ಅದು ಬೇರೆ ಊರಿನ ಮಾತು ಎಂದು ನಾವು ಸಮಾಧಾನ ಪಟ್ಟುಕೊಳ್ಳದಿರೋಣ. ಗೋಡೆ ಕಟ್ಟದೆಯೇ ಪಂಕ್ತಿಭೇದ ಮಾಡುವ ವಿದ್ಯೆ ಎಲ್ಲ ಊರುಗಳಿಗೂ ಗೊತ್ತು. ಹೆಣ್ಣು ಕೊಟ್ಟು ತರುವಾಗ ವಿಚಾರಿಸುವ ಮನೆತನದ ಪ್ರಶ್ನೆಯಲ್ಲಿ ಅದಿದೆ. ಉತ್ಸವದ ತೇರಿಗೆ ಯಾರು ಕೈ ಹಚ್ಚಬೇಕು, ಸಮಿತಿಯಲ್ಲಿ ಯಾರು ಕೂರಬೇಕು, ಯಾವ ಭಾಷೆಯಲ್ಲಿ ಎಷ್ಟು ಪೂಜೆಗಳು ನಡೆಯಬೇಕು ಎಂಬ ಜಗಳಗಳಲ್ಲಿ ಅದಿದೆ. ನಮ್ಮ ನಾಡಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಮನೆಮಾತಿನವರು ಒಂದೇ ಮಾಡಿನ ಕೆಳಗೆ ಇದ್ದಾರೆ. ತಾಯ್ನುಡಿಯಲ್ಲಿ ದೇವರನ್ನು ಸ್ತುತಿಸುವ ಭಾಗ್ಯವನ್ನು 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾವಿಧಿಯ ದಸ್ತಾವೇಜಿನ ಮೂಲಕ ಮಹಾಸಭೆ ನಮಗೆ ತೆರೆದುಕೊಟ್ಟಿತು. ಜನರೆಲ್ಲರೂ ಅರಿತು ಭಾಗವಹಿಸಲೆಂದು ಕೊಟ್ಟ ಆ ವರವನ್ನು ಜನರನ್ನು ಬೇರ್ಪಡಿಸುವ ಬೇಲಿಯನ್ನಾಗಿ ಮಾಡಿಕೊಳ್ಳುವುದು ಆ ವರಕ್ಕೆ ಬಗೆವ ಅಪಚಾರ.

ಇಲ್ಲೊಂದು ಆಕ್ಷೇಪಣೆ ಏಳಬಹುದು. ವಿಶ್ವಾಸವೆಂಬುದು ದೇವರಿಗೂ ಆತ್ಮಕ್ಕೂ ಸಂಬಂಧಪಟ್ಟುದಲ್ಲವೇ, ಮಂದಿಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಏಕಾಂತದ ಪ್ರಾರ್ಥನೆ ಬೇಕೇ ಬೇಕು. ಪ್ರಭುವೂ ಬೆಟ್ಟಕ್ಕೆ ಹೋಗಿ ಒಬ್ಬನೇ ಪ್ರಾರ್ಥಿಸುತ್ತಿದ್ದನು. ಆದರೆ ಆತ ನಮಗೆ ಕಲಿಸಿದ ಪ್ರಾರ್ಥನೆ ನಮ್ಮ ತಂದೆ ಎಂದು ಆರಂಭವಾಗುತ್ತದೆಯೇ ಹೊರತು ನನ್ನ ತಂದೆ ಎಂದಲ್ಲ. ಜ್ಞಾನಸ್ನಾನವನ್ನು ಯಾರೂ ತಮಗೆ ತಾವೇ ಮಾಡಿಕೊಳ್ಳಲಾರರು. ಪಾಪಕ್ಷಮೆಯನ್ನು ಯಾರೂ ತಮಗೆ ತಾವೇ ನೀಡಿಕೊಳ್ಳಲಾರರು. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಲಾಕ್‌ಡೌನ್ ಆದಾಗ, ಆ ವರ್ಷದ ಏಪ್ರಿಲ್ 12ರ ಪುನರುತ್ಥಾನದ ಹಬ್ಬವನ್ನು ನಾವು ಮನೆಗಳಲ್ಲಿಯೇ ಆಚರಿಸಬೇಕಾಯಿತು. ದೇವಾಲಯಗಳು ನಿಂತಿದ್ದವು, ಗುರುಗಳು ಪೂಜೆ ಅರ್ಪಿಸುತ್ತಿದ್ದರು, ದೂರದರ್ಶನದಲ್ಲಿಯೂ ಫೋನಿನಲ್ಲಿಯೂ ನಾವು ನೋಡುತ್ತಿದ್ದೆವು. ಆದರೂ ಏನೋ ಇಲ್ಲವೆಂದು ನಮಗೆಲ್ಲರಿಗೂ ಅನಿಸಿತು. ಇಲ್ಲದಿದ್ದುದು ಪಕ್ಕದ ಬೆಂಚಿನವರು. ಅವರನ್ನು ನಾವು ಸಹಿಸಿಕೊಳ್ಳುತ್ತಿದ್ದೇವೆಂದುಕೊಂಡಿದ್ದೆವು. ಅವರ ಆಸರೆಯಲ್ಲಿ ಪ್ರಾರ್ಥಿಸುತ್ತಿದ್ದೆವೆಂಬುದು ಆಗ ತಿಳಿಯಿತು.

ಶತಮಾನೋತ್ಸವವೆಂದ ಮೇಲೆ ಶಿಲಾಫಲಕಗಳು ಇರುತ್ತವೆ, ದಾನಿಗಳ ಹೆಸರುಗಳು ಇರುತ್ತವೆ. ಉದಾರವಾಗಿ ಕೊಟ್ಟವರನ್ನು ಸ್ಮರಿಸುವುದು ಧರ್ಮವೇ. ಆದರೆ ಮತ್ತೊಮ್ಮೆ ಕೊರಿಂಥದತ್ತ ನೋಡೋಣ. ಅಲ್ಲಿನ ರಂಗಮಂದಿರದ ಬಳಿಯ ನೆಲಹಾಸಿನಲ್ಲಿ ಒಂದು ಶಾಸನ ದೊರೆತಿದೆ. ಎರಸ್ತ ಎಂಬಾತ ನಗರದ ಅಧಿಕಾರಪದವಿ ಪಡೆದುದಕ್ಕೆ ಪ್ರತಿಯಾಗಿ ತನ್ನ ಸ್ವಂತ ಖರ್ಚಿನಲ್ಲಿ ಆ ನೆಲವನ್ನು ಹಾಸಿಸಿದನೆಂದು ಅದು ಹೇಳುತ್ತದೆ. ಪೌಲರು ಕೊರಿಂಥದಿಂದ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿಯೂ ನಗರದ ಖಜಾಂಚಿಯಾದ ಎರಸ್ತ ಎಂಬೊಬ್ಬನ ವಂದನೆಗಳಿವೆ. ಇಬ್ಬರೂ ಒಬ್ಬನೇ ಎಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ, ಕೆಲವರು ಒಪ್ಪುವುದಿಲ್ಲ. ಅದು ಹೇಗೇ ಇರಲಿ. ಪೌಲರ ಪತ್ರದಲ್ಲಿ ಆ ಖಜಾಂಚಿಯ ಪಕ್ಕದಲ್ಲಿಯೇ, ಅದೇ ವಾಕ್ಯದಲ್ಲಿ, ಇನ್ನೊಂದು ಹೆಸರಿದೆ: ಕ್ವಾರ್ತ. ಲತೀನ್ ಭಾಷೆಯಲ್ಲಿ ಅದರ ಅರ್ಥ ನಾಲ್ಕನೆಯವನು ಎಂದು. ದಾಸರಿಗೂ ಬಿಡುಗಡೆಗೊಂಡ ದಾಸರಿಗೂ ಇಂಥ ಎಣಿಕೆಯ ಹೆಸರುಗಳನ್ನು ಇಡುವುದಿತ್ತು. ಆತನಿಗೆ ಪದವಿಯಿಲ್ಲ, ಊರಿಗೆ ಮಾಡಿದ ಉಪಕಾರದ ದಾಖಲೆಯಿಲ್ಲ. ಪೌಲರು ಆತನಿಗೆ ಕೊಟ್ಟಿರುವ ಬಿರುದು ಒಂದೇ, ಸಹೋದರ ಎಂಬುದು. ಎರಡು ಸಾವಿರ ವರ್ಷಗಳಿಂದ ಧರ್ಮಸಭೆ ಆ ಹೆಸರನ್ನು ಖಜಾಂಚಿಯ ಹೆಸರಿನೊಡನೆ ಒಂದೇ ಪಂಕ್ತಿಯಲ್ಲಿ ಓದುತ್ತಾ ಬಂದಿದೆ.

ನಮ್ಮ ಧರ್ಮಕೇಂದ್ರದ ಕ್ವಾರ್ತರು ಯಾರು? ಕಲ್ಲು ಹೊತ್ತವರು, ಗಾರೆ ಅರೆದವರು, ಘಂಟೆ ಬಾರಿಸಿದವರು, ಪೀಠದ ಬಟ್ಟೆಗಳನ್ನು ಒಗೆದ ತಾಯಂದಿರು, ಗುರುಗಳಿಲ್ಲದ ದಿನಗಳಲ್ಲಿ ಮಕ್ಕಳಿಗೆ ಜಪಗಳನ್ನು ಕಲಿಸಿದ ಉಪದೇಶಿಗಳು. ಯಾವ ಫಲಕದಲ್ಲಿಯೂ ಅವರ ಹೆಸರಿಲ್ಲ. ಅವರ ಹೆಸರುಗಳನ್ನು ಹುಡುಕುವ ಕೆಲಸವನ್ನು ಈ ವರ್ಷ ನಾವು ಮಾಡಬಹುದು. ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆಪುಸ್ತಕಗಳಲ್ಲಿ ಅವರಿದ್ದಾರೆ, ವೃದ್ಧರ ನೆನಪಿನಲ್ಲಿದ್ದಾರೆ. ಯುವಕ ಯುವತಿಯರು ಆ ಪುಟಗಳನ್ನು ಓದಿ, ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿ ಬರೆದಿಡಲಿ. ಹಾಗೆಯೇ ಕಿರು ಕ್ರೈಸ್ತ ಸಮುದಾಯಗಳು ತಮ್ಮ ತಮ್ಮ ಬೀದಿಗಳಲ್ಲಿ ಬಾರದವರ ಒಂದು ಪಟ್ಟಿ ಮಾಡಲಿ. ಅದು ದೂರಿನ ಪಟ್ಟಿಯಾಗದೆ ಭೇಟಿಯ ಪಟ್ಟಿಯಾಗಲಿ. ಉತ್ಸವದ ಅನ್ನಸಂತರ್ಪಣೆಯಲ್ಲಿ ಗಣ್ಯರಿಗೆ ಬೇರೆ ಚಪ್ಪರವೆಂಬ ಏರ್ಪಾಡನ್ನು ಕೈಬಿಟ್ಟು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರೋಣ. ಇವು ಸಣ್ಣ ಕೆಲಸಗಳು. ಆದರೆ ಪೌಲರು ಕೊರಿಂಥದವರಿಂದ ಕೇಳಿದುದೂ ಸಣ್ಣ ಕೆಲಸವನ್ನೇ.

ಫ್ರಾನ್ಸಿಸ್ ಜಗದ್ಗುರುಗಳು 2021ರ ಅಕ್ಟೋಬರ್‌ನಲ್ಲಿ ಇಡೀ ಧರ್ಮಸಭೆಯನ್ನು ಒಂದು ದೀರ್ಘ ಸಮಾಲೋಚನೆಗೆ ಕರೆದರು. 2024ರ ಅಕ್ಟೋಬರ್‌ನಲ್ಲಿ ಅದರ ಅಂತಿಮ ದಸ್ತಾವೇಜು ಹೊರಬಂದಿತು. ಅನ್ಯೋನ್ಯತೆ, ಸಹಭಾಗಿತ್ವ, ಪ್ರೇಷಿತಕಾರ್ಯ ಎಂಬ ಮೂರು ಮಾತುಗಳು ಆ ಯಾತ್ರೆಯ ಧ್ವಜಗಳಾಗಿದ್ದವು. ಕೂಡಿ ನಡೆಯುವುದೇ ಧರ್ಮಸಭೆಯ ಸ್ವಭಾವ ಎಂಬುದು ಅದರ ಸಾರ. ಕೂಡಿ ನಡೆಯುವವರು ಹಿಂದೆ ಬಿದ್ದವರ ನಡಿಗೆಯನ್ನು ನೋಡಿಕೊಂಡೇ ಹೆಜ್ಜೆ ಹಾಕುತ್ತಾರೆ. ಮುಂದೆ ಓಡಿದವನು ಊರನ್ನು ಮೊದಲು ಮುಟ್ಟಬಹುದು, ಯಾತ್ರೆ ಮಾಡಿದಂತಾಗಲಿಲ್ಲ.

ಕೊನೆಯದಾಗಿ ನಮ್ಮ ಮೃತ ಬಾಂಧವರನ್ನು ಸ್ಮರಿಸೋಣ. ಸಂತರ ಅನ್ಯೋನ್ಯತೆಯನ್ನು ವಿಶ್ವಾಸಿಸುತ್ತೇನೆಂದು ನಾವು ಪ್ರಮಾಣ ಮಾಡುತ್ತೇವೆ. ಸ್ಮಶಾನದಲ್ಲಿ ಮಲಗಿರುವವರೂ ಈ ಸಭೆಯ ಸದಸ್ಯರೇ. ಹಳೆಯ ಒಡಂಬಡಿಕೆಯ ವಿಶ್ವಾಸವೀರರು ನಮ್ಮನ್ನು ಬಿಟ್ಟು ಪೂರ್ಣತೆಗೆ ಬರಬಾರದೆಂಬುದೇ ದೇವರ ಸಂಕಲ್ಪವೆಂದು ಹಿಬ್ರಿಯರಿಗೆ ಬರೆದ ಪತ್ರ ತಿಳಿಸುತ್ತದೆ. ಇದನ್ನು ಧ್ಯಾನಿಸಿದ ಮೂರನೆಯ ಶತಮಾನದ ಮಹಾಪಂಡಿತ ಒರಿಜೆನರು, ಅಬ್ರಹಾಮನೂ ಈಸಾಕನೂ ಯಕೋಬನೂ ಪ್ರವಾದಿಗಳೂ ನಮಗಾಗಿ ಕಾಯುತ್ತಿದ್ದಾರೆಂದು ಬೋಧಿಸಿದರು. ತನ್ನ ಶರೀರದ ಒಂದು ಅಂಗವೂ ಹೊರಗುಳಿಯಬಾರದೆಂದು ಸ್ವಯಂ ಕ್ರಿಸ್ತನೂ ಕಾಯುತ್ತಾನೆಂದರು. ಹಾಗಾದರೆ ಕಾಯುವುದು ಸ್ವರ್ಗದ ಶಿಷ್ಟಾಚಾರ. ಈ ದೇವಾಲಯಕ್ಕೆ ಅಡಿಗಲ್ಲಿಟ್ಟ ನಮ್ಮ ಹಿರಿಯರು ಆ ಮಹಾಭೋಜನದ ಪಂಕ್ತಿಯಲ್ಲಿ ಕುಳಿತು, ಬಡಿಸಿದ ಎಲೆಯ ಮುಂದೆ ಕೈಕಟ್ಟಿ, ನಮ್ಮ ದಾರಿ ನೋಡುತ್ತಿದ್ದಾರೆ. ನಾವು ಅಲ್ಲಿಗೆ ಹೋದಾಗ ಅವರು ಮೊದಲು ಕೇಳುವ ಮಾತು, ಉಳಿದವರೆಲ್ಲಿ ಎಂದಿರಬಹುದು.

ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಮುದಾಯವಾಗಿ ಈ ಧರ್ಮಕೇಂದ್ರ ತನ್ನ ಎರಡನೆಯ ಶತಮಾನಕ್ಕೆ ಕಾಲಿಡಲಿ. ಸಕಲ ಸಂತರ ರಾಣಿಯಾದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ತ್ರೈಯೇಕ ದೇವರು ನಮ್ಮೆಲ್ಲರನ್ನೂ, ಇಂದು ಇಲ್ಲಿಗೆ ಬಾರದೆ ಇರುವವರನ್ನೂ ಆಶೀರ್ವದಿಸಲಿ.